ಸವಳಂಗದಲ್ಲಿ ರೆಡ್ಲಿಕಿಯಾ ಹುಡುಕಬೇಡಿ

ಸವಳಂಗ ಎಂದರೆ ಹೆಚ್ಚಿನವರಿಗೆ ಶಿವಮೊಗ್ಗ–ಶಿಕಾರಿಪುರ ದಾರಿಯ ಒಂದು ಬಸ್ ನಿಲ್ದಾಣ, ಒಂದು ದೊಡ್ಡ ಕೆರೆ, ನ್ಯಾಮತಿ–ಹೊನ್ನಾಳಿ ಕಡೆಗೆ ಕವಲೊಡೆಯುವ ರಸ್ತೆ. ಕಲ್ಲು ನೋಡುವವರಿಗೆ ಅದು ಬೇರೆಯೇ ಒಂದು ಭೂಪಟದ ಮೇಲಿನ ಊರು. ಆ ಭೂಪಟದಲ್ಲಿ ಹೊನ್ನಾಳಿ, ಚನ್ನಗಿರಿಗಳು ಇನ್ನೂ ಶಿವಮೊಗ್ಗದಲ್ಲೇ ಇವೆ. 1997ರಲ್ಲಿ ದಾವಣಗೆರೆ ಜಿಲ್ಲೆಯಾದದ್ದಾಗಲಿ, ಆಮೇಲೆ ನ್ಯಾಮತಿ ತಾಲ್ಲೂಕಾದದ್ದಾಗಲಿ ಭೂವಿಜ್ಞಾನಿಗಳ ಬರಹಕ್ಕೆ ತಟ್ಟಿಲ್ಲ. ಅವರ ಪಾಲಿಗೆ ಇದು 'ಶಿವಮೊಗ್ಗ ಶಿಸ್ಟ್ ಪಟ್ಟಿ'. ಜಗಳೂರು ಮಾತ್ರ ಪಕ್ಕದ ಚಿತ್ರದುರ್ಗ ಪಟ್ಟಿಯ ನೆಂಟ. ಈ ಊರಿನ ಕಲ್ಲುಗಳ ಬಗ್ಗೆ ಓದಬೇಕೆನ್ನುವ ವಿದ್ಯಾರ್ಥಿ ದಾವಣಗೆರೆ ಎಂದು ಹುಡುಕಿದರೆ ಬರಿಗೈಯಲ್ಲಿ ಬರುತ್ತಾನೆ, ಅದಕ್ಕೇ ಈ ಮಾತನ್ನು ಮೊದಲೇ ಹೇಳಿದೆ.

ಶಾಲೆಯ ವಿಜ್ಞಾನ ಪುಸ್ತಕದಲ್ಲಿ ಪಳೆಯುಳಿಕೆ ಎಂಬ ಪದದ ಪಕ್ಕ ಬರುವ ಚಿತ್ರ ಬಹುಮಟ್ಟಿಗೆ ಒಂದೇ. ಮೊಟ್ಟೆಯಾಕಾರದ ಮೈ, ಅಡ್ಡಡ್ಡ ಗೀರು, ಮುಂದೆ ಅರ್ಧಚಂದ್ರದಂಥ ತಲೆ. ಅದೇ ಟ್ರೈಲೊಬೈಟ್. ಆ ಚಿತ್ರ ಮನಸ್ಸಿನಲ್ಲಿ ಕೂತ ಮಗು ಗುಡ್ಡದಿಂದ ಗೀರುಬಿದ್ದ ಕಲ್ಲೊಂದನ್ನು ಎತ್ತಿಕೊಂಡು ಬಂದು ಮೇಷ್ಟ್ರ ಮುಂದೆ ಹಿಡಿಯುವುದು ಸಹಜ. ಮೇಷ್ಟ್ರು ಏನು ಹೇಳಬೇಕು? ಸವಳಂಗ, ಚನ್ನಗಿರಿ, ಹೊನ್ನಾಳಿ, ಜಗಳೂರುಗಳಲ್ಲಿ ಎಲ್ಲಿ ಕೆದಕಿದರೂ ಟ್ರೈಲೊಬೈಟ್ ಸಿಗುವುದಿಲ್ಲ ಎಂದು ಖಡಾಖಂಡಿತವಾಗಿ ಹೇಳಬಹುದು. ಸಿಗಬಹುದೇನೋ ಎಂಬ ಮೆದುಮಾತು ಇಲ್ಲಿ ಬೇಕಿಲ್ಲ. ಯಾಕೆ ಬೇಕಿಲ್ಲ ಎನ್ನುವುದಕ್ಕೆ ಕಾರಣ ಎರಡು. ಒಂದು ಈ ಕಲ್ಲುಗಳ ವಯಸ್ಸು. ಇನ್ನೊಂದು ಟ್ರೈಲೊಬೈಟ್ ಎಂದು ಕರೆಸಿಕೊಳ್ಳಲು ಒಂದು ಕಲ್ಲಿನ ಮೇಲೆ ಏನೇನು ಇರಬೇಕೆಂಬ ಕಟ್ಟುನಿಟ್ಟು.

ವಯಸ್ಸಿನ ಮಾತು ಸುಲಭ, ಬೇಗ ಮುಗಿಸೋಣ. ಚನ್ನಗಿರಿ ಸೀಮೆಯ ದಾಗಿನಕಟ್ಟೆಯ ಹೆಸರನ್ನು ಇಲ್ಲಿನ ಒಂದು ಶಿಲಾಘಟಕಕ್ಕೇ ಇಟ್ಟಿದ್ದಾರೆ. ಹಳೆಯ ಜ್ವಾಲಾಮುಖಿಗಳು ಉಗುಳಿದ ಕಲ್ಲು ಅದು. ಅದರೊಳಗಿನ ಜಿರ್ಕಾನ್ ಹರಳುಗಳಲ್ಲಿ ಯುರೇನಿಯಂ ಎಷ್ಟು ಸೀಸವಾಗಿದೆ ಎಂದು 1990ರ ದಶಕದಲ್ಲಿ ಅಳೆದಾಗ ಸಿಕ್ಕ ವಯಸ್ಸು ಸುಮಾರು 261 ಕೋಟಿ ವರ್ಷ. ಅದೇ ಸೀಮೆಯ ಸುಣ್ಣಕಲ್ಲಿನ ಜೋಳದಾಳ್ ಪದರಗಳು ಅದಕ್ಕೂ ಕೆಳಗಿನವು, ಎಂದರೆ ಅದಕ್ಕಿಂತ ಹಳೆಯವು. ಇವೆಲ್ಲಕ್ಕೂ ತಳಪಾಯವಾಗಿರುವ ನೈಸ್ ಬಂಡೆಗೆ 300 ಕೋಟಿ ವರ್ಷದ ಆಸುಪಾಸು. ಇನ್ನು ಟ್ರೈಲೊಬೈಟ್‌ಗಳು ಮೊದಲು ಕಾಣಿಸಿಕೊಂಡದ್ದು ಸುಮಾರು 52.1 ಕೋಟಿ ವರ್ಷಗಳ ಹಿಂದೆ, ಕೇಂಬ್ರಿಯನ್ ಕಾಲದಲ್ಲಿ. ಕೊನೆಯದು ಅಳಿದದ್ದು 25.2 ಕೋಟಿ ವರ್ಷಗಳ ಹಿಂದೆ. ದಾಗಿನಕಟ್ಟೆಯ ಜ್ವಾಲಾಮುಖಿ ತಣ್ಣಗಾಗಿ ಮೊದಲ ಟ್ರೈಲೊಬೈಟ್ ಬರುವ ಹೊತ್ತಿಗೆ ಕಳೆದ ಕಾಲ, ಆ ಟ್ರೈಲೊಬೈಟ್‌ನಿಂದ ನಮ್ಮವರೆಗೆ ಕಳೆದ ಕಾಲದ ನಾಲ್ಕು ಪಟ್ಟು.

ಹಾಗಾದರೆ ಕರ್ನಾಟಕದ ಬೇರೆಲ್ಲಾದರೂ? ಅಲ್ಲೂ ಇಲ್ಲ. ಕಲಾದಗಿ ಮತ್ತು ಭೀಮಾ ಕಣಿವೆಗಳ ಪದರಗಲ್ಲು ಕೇಂಬ್ರಿಯನ್‌ಗೂ ಹಿಂದಿನದೆಂಬುದೇ ಬಲವಾದ ಮತ. ನಮ್ಮ ಮನೆಗಳ ನೆಲಕ್ಕೆ ಹಾಸಿದ ಶಹಾಬಾದ್ ಕಲ್ಲು ಬಂದದ್ದು ಆ ಭೀಮಾ ಕಣಿವೆಯಿಂದಲೇ. ಅದಾದ ಮೇಲೆ ಉತ್ತರದ ಬಸಾಲ್ಟ್ ಹರಿವು ಬರುವ ತನಕ, ಎಂದರೆ ಸುಮಾರು 6.6 ಕೋಟಿ ವರ್ಷದ ಹಿಂದಿನ ತನಕ, ರಾಜ್ಯದ ಶಿಲಾದಾಖಲೆಯಲ್ಲಿ ದೊಡ್ಡದೊಂದು ಬಯಲು. ಟ್ರೈಲೊಬೈಟ್‌ಗಳ ಇಡೀ ಬಾಳು ಆ ಬಯಲಿನಲ್ಲೇ ಕಳೆದುಹೋಗಿದೆ.

ಆದ್ದರಿಂದ ಆರಂಭಕಾಲದ ಟ್ರೈಲೊಬೈಟ್ ಎಲ್ಲಿ ಎಂದು ಕೇಳಿದರೆ ಬೆರಳು ಉತ್ತರಕ್ಕೆ ತೋರಿಸಬೇಕು. ಈಗ ಪಾಕಿಸ್ತಾನದ ಪಂಜಾಬಿನಲ್ಲಿರುವ ಉಪ್ಪಿನ ಬೆಟ್ಟಸಾಲು, ಅದೇ ಖೇವ್ಡಾ ಗಣಿಯ ಕೆಂಪುಪ್ಪು ಬರುವ ಜಾಗ. ಅಲ್ಲಿನ ಕೇಂಬ್ರಿಯನ್ ಪದರಗಳಿಂದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣದವರು ಆಯ್ದ ತುಣುಕುಗಳನ್ನು ಕಾರ್ಲ್ ರೆಡ್ಲಿಕ್ ಎಂಬ ಆಸ್ಟ್ರಿಯಾದ ಭೂವಿಜ್ಞಾನಿ ಪರಿಶೀಲಿಸಿ, 1899ರಲ್ಲಿ 'ಪೇಲಿಯಂಟಾಲಜಿಯಾ ಇಂಡಿಕಾ' ಮಾಲೆಯಲ್ಲಿ ವರದಿ ಪ್ರಕಟಿಸಿದ. ಅದರಲ್ಲಿದ್ದ ಒಂದು ಹೊಸ ಪ್ರಾಣಿಗೆ ಅವನಿಟ್ಟ ಹೆಸರು ಹೋಫೇರಿಯಾ ನೋಟ್ಲಿಂಗೈ. ಪ್ರಭೇದದ ಹೆಸರು ಸರ್ವೇಕ್ಷಣದ ಪಳೆಯುಳಿಕೆ ತಜ್ಞ ಫ್ರಿಟ್ಸ್ ನೋಟ್ಲಿಂಗ್‌ನ ಗೌರವಕ್ಕೆ.

ಹೋಫೇರಿಯಾ ಉಳಿಯಲಿಲ್ಲ. ಪ್ರಾಣಿಗಳಿಗೆ ಹೆಸರಿಡುವ ಲೋಕದಲ್ಲಿ ಒಂದು ಹೆಸರು ಒಂದೇ ಕುಲಕ್ಕೆ. ಮೊದಲು ಬಂದವನಿಗೆ ಹಕ್ಕು, ಎರಡನೆಯವನು ಬಿಟ್ಟುಕೊಡಬೇಕು. ಆ ಹೆಸರು ಮೊದಲೇ ಬೇರೊಂದು ಪ್ರಾಣಿಯ ಪಾಲಾಗಿತ್ತು. ಇದನ್ನು ಗಮನಿಸಿ 1902ರಲ್ಲಿ ಸರಿಪಡಿಸಿದವನು ಫ್ರಾನ್ಸಿನ ಮಾರಿಸ್ ಕೊಸ್ಮಾನ್. ಹೊಟ್ಟೆಪಾಡಿಗೆ ರೈಲ್ವೆ ಎಂಜಿನಿಯರ್, ಹವ್ಯಾಸಕ್ಕೆ ಚಿಪ್ಪುಜೀವಿಗಳ ಮಹಾಪಂಡಿತ. ಉಪ್ಪಿನ ಬೆಟ್ಟದ ಪ್ರಾಣಿಗೂ ಅವನಿಗೂ ಬೇರೆ ಸಂಬಂಧವಿಲ್ಲ, ಪುಸ್ತಕದ ಲೆಕ್ಕ ತಾಳೆ ನೋಡುವಾಗ ಕಣ್ಣಿಗೆ ಬಿತ್ತು, ಅಷ್ಟೆ. ಅವನು ಕೊಟ್ಟ ಹೊಸ ಹೆಸರು ರೆಡ್ಲಿಕಿಯಾ. ಹೀಗೆ ರೆಡ್ಲಿಕ್ ತಾನು ಕಂಡ ಪ್ರಾಣಿಗೆ ತನ್ನ ಹೆಸರನ್ನು ತಾನಿಡದೆಯೇ ಪಡೆದ. ಇವತ್ತು ಚೀನಾ, ಕೊರಿಯಾ, ಇರಾನ್, ಆಸ್ಟ್ರೇಲಿಯಾ, ಹಿಮಾಲಯ, ಎಲ್ಲಿ ಈ ಕುಲದ ಪ್ರಾಣಿ ಸಿಕ್ಕಿದರೂ ಅದನ್ನು ಕೊನೆಗೆ ಹೋಲಿಸಿ ನೋಡಬೇಕಾದ ಮಾದರಿ ಪ್ರಭೇದ ರೆಡ್ಲಿಕಿಯಾ ನೋಟ್ಲಿಂಗೈ.

ಈಗ ಗುರುತಿನ ವಿಚಾರ. ಒಂದು ತಪ್ಪು ತಿಳಿವಳಿಕೆ ಬಹಳ ಕಡೆ ಕಾಣುತ್ತದೆ. ತಲೆ, ಎದೆ, ಬಾಲ ಎಂಬ ಮೂರು ಭಾಗಗಳಿಂದ ಈ ಪ್ರಾಣಿಗೆ ಮೂರರ ಹೆಸರು ಬಂತು ಎಂದು. ಹಾಗಲ್ಲ. ಮೂರು ಎನ್ನುವುದು ಉದ್ದುದ್ದದ ಲೆಕ್ಕ. ನಡುವೆ ಉಬ್ಬಿದ ದಿಂಡು, ಅದರ ಎಡಬಲಕ್ಕೆ ಎರಡು ಪಕ್ಕೆ, ಮೂರನ್ನೂ ಬೇರ್ಪಡಿಸುವ ಎರಡು ತಗ್ಗುಗೆರೆಗಳು ತಲೆಯಿಂದ ಬಾಲದವರೆಗೆ ಓಡುತ್ತವೆ. ಅಡ್ಡಗೀರು ಎಷ್ಟೋ ಪ್ರಾಣಿಗಳಿಗಿದೆ, ಸಹಸ್ರಪದಿಗೂ ಇದೆ, ಬರೀ ಮಡಿಕೆಬಿದ್ದ ಕಲ್ಲಿಗೂ ಇರುತ್ತದೆ. ಈ ಉದ್ದಗೆರೆ ಜೋಡಿಯಿಲ್ಲದ ಅಡ್ಡಗೀರಿಗೆ ಟ್ರೈಲೊಬೈಟ್ ಎಂಬ ಹೆಸರಿಲ್ಲ.

ರೆಡ್ಲಿಕಿಯಾ ಎನ್ನಬೇಕಾದರೆ ಇನ್ನೂ ಬಹಳ ನೋಡಬೇಕು, ಅದರಲ್ಲೂ ತಲೆಯನ್ನು. ತಲೆಚಿಪ್ಪು ಅಗಲವಾದ ಅರ್ಧವೃತ್ತ. ಹಿಂಬದಿಯ ಎರಡೂ ಮೂಲೆಯಿಂದ ಗಲ್ಲಮುಳ್ಳುಗಳು ಹಿಂದಕ್ಕೆ ಚಾಚಿರುತ್ತವೆ. ನಡುವೆ ಉಬ್ಬಿರುವ ದಿಣ್ಣೆಗೆ ಗ್ಲಾಬೆಲಾ ಎಂದು ಹೆಸರು, ಹಣೆದಿಣ್ಣೆ ಎಂದಿಟ್ಟುಕೊಳ್ಳೋಣ. ರೆಡ್ಲಿಕಿಯಾದ ಹಣೆದಿಣ್ಣೆ ಉದ್ದ, ಮುಂದೆ ಹೋದಂತೆ ಕಿರಿದಾಗುತ್ತದೆ, ಅದರ ಅಕ್ಕಪಕ್ಕ ಸಾಮಾನ್ಯವಾಗಿ ಮೂರು ಜೊತೆ ತಗ್ಗುಗಳು ಒಳಕ್ಕೆ ಓಡಿರುತ್ತವೆ. ಇದಿಷ್ಟು ಬೇರೆ ಕುಲಗಳಲ್ಲೂ ಸಿಗಬಹುದು. ರೆಡ್ಲಿಕಿಯಾವನ್ನು ಹಿಡಿದುಕೊಡುವುದು ಕಣ್ಣು. ಕಣ್ಣಿನ ಮೇಲಿನ ರೆಪ್ಪೆದಂಡೆ ಕುಡುಗೋಲಿನಂತೆ ಬಾಗಿ, ಹಣೆದಿಣ್ಣೆಯ ಮುಂತುದಿಯ ಬಳಿ ಹುಟ್ಟಿ, ತಲೆಯ ಹಿಂದಂಚಿನ ಸಮೀಪದ ತನಕ ಬರುತ್ತದೆ. ಅಷ್ಟು ಉದ್ದದ ಕಣ್ದಂಡೆ ಎರಡೂ ಬದಿಯಲ್ಲಿ ದಿಣ್ಣೆಗೆ ಒತ್ತಿಕೊಂಡಂತೆ ಇರುವುದರಿಂದ, ಒಮ್ಮೆ ನೋಡಿದವರಿಗೆ ಮರೆಯುವುದಿಲ್ಲ. ಕಣ್ಣು ಮಾತ್ರ ಇರುವುದಿಲ್ಲ! ಈ ಕಾಲದ ಟ್ರೈಲೊಬೈಟ್‌ಗಳಲ್ಲಿ ಕಣ್ಣಿನ ಗಾಜುಪದರದ ಸುತ್ತಲೂ ಬಿರುಕಿನ ಗೆರೆಯಿತ್ತು, ಪೊರೆ ಕಳಚುವಾಗ ಕಣ್ಣಪದರ ಉದುರಿಹೋಗುತ್ತಿತ್ತು. ನಮಗೆ ದಕ್ಕುವುದು ರೆಪ್ಪೆ ಮಾತ್ರ.

ಪೊರೆ ಎಂದೆನಲ್ಲ, ಟ್ರೈಲೊಬೈಟ್ ವಿದ್ಯೆಯ ಅರ್ಧ ಭಾಗ ನಿಂತಿರುವುದೇ ಅದರ ಮೇಲೆ. ಗದ್ದೆಬದುವಿನ ಏಡಿ ಬೆಳೆಯಬೇಕಾದರೆ ಹಳೆಯ ಚಿಪ್ಪು ಕಳಚಲೇಬೇಕು. ಅದೇ ಸಂಧಿಪದಿ ಬಳಗದ ಟ್ರೈಲೊಬೈಟ್‌ಗೂ ಇದೇ ಪಾಡು. ಒಂದು ಪ್ರಾಣಿ ತನ್ನ ಆಯುಸ್ಸಿನಲ್ಲಿ ಹಲವು ಸಲ ಕ್ಯಾಲ್ಸೈಟಿನ ಚಿಪ್ಪು ಬಿಚ್ಚಿಟ್ಟು ಹೋಗುತ್ತದೆ, ಒಂದೇ ಸಲ ಸಾಯುತ್ತದೆ. ಹಾಗಾಗಿ ಪದರಗಳಲ್ಲಿ ಸಿಗುವುದು ಹೆಚ್ಚಾಗಿ ಹೆಣವಲ್ಲ, ಬಿಟ್ಟ ಬಟ್ಟೆ. ಅದೂ ಇಡಿಯಾಗಿ ಅಲ್ಲ. ಚಿಪ್ಪು ಕಳಚಲು ಅನುಕೂಲವಾಗಲೆಂದು ತಲೆಯ ಮೇಲೆ ಎರಡು ಬಿರಿಗೆರೆಗಳಿರುತ್ತವೆ. ಅವುಗಳ ಹೊರಗಿನ ಗಲ್ಲಗಳು ಕಳಚಿ ಬೀಳುತ್ತವೆ, ಒಳಗಿನ ನಡುಭಾಗ ಉಳಿಯುತ್ತದೆ. ಆ ನಡುಭಾಗವೇ ಕ್ರೇನಿಡಿಯಂ. ಟ್ರೈಲೊಬೈಟ್ ಪ್ರಭೇದಗಳ ವಿವರಣೆಗಳಲ್ಲಿ ಹೆಚ್ಚಿನವು ಈ ತುಣುಕಿನ ವಿವರಣೆಗಳೇ. ಪೂರ್ತಿ ಪ್ರಾಣಿಯ ಚೆಂದದ ಚಿತ್ರ ನೋಡಿ ಬೆಳೆದ ವಿದ್ಯಾರ್ಥಿ ಮೊದಲ ಸಲ ಪೆಟ್ಟಿಗೆ ತೆರೆದು ನೋಡಿದರೆ ಬೆರಳುಗುರಿನಷ್ಟು ಮುರಿದ ಚಿಪ್ಪುಗಳನ್ನು ಕಂಡು ಪೆಚ್ಚಾಗುತ್ತಾನೆ.

ರೆಡ್ಲಿಕಿಯಾದ ಬಿರಿಗೆರೆ ಕಣ್ಣಿನ ಮುಂದೆ ಎಷ್ಟು ಅಗಲಕ್ಕೆ ಚಾಚುತ್ತದೆಂದರೆ ಕೆಲವು ಪ್ರಭೇದಗಳಲ್ಲಿ ಅದು ಮೈಯ ನಡುಗೆರೆಗೆ ಹೆಚ್ಚುಕಡಿಮೆ ಲಂಬವಾಗಿಯೇ ಓಡುತ್ತದೆ. ಎಡಬಲ ರೆಕ್ಕೆ ಬಿಚ್ಚಿದಂತೆ ಕಾಣುವ ಕ್ರೇನಿಡಿಯಂ ಈ ಕುಲದ ಸಹಿ. ಆ ಕೋನ ಎಷ್ಟು, ಹಣೆದಿಣ್ಣೆಗೂ ಮುಂದಂಚಿಗೂ ನಡುವೆ ಬಯಲು ಇದೆಯೇ ಇಲ್ಲವೇ, ರೆಪ್ಪೆದಂಡೆ ಎಲ್ಲಿಗೆ ನಿಲ್ಲುತ್ತದೆ, ಇಂಥ ಅಳತೆಗಳಿಂದ ಪ್ರಭೇದ ಪ್ರಭೇದಗಳನ್ನು ಬಿಡಿಸುತ್ತಾರೆ. ಎದೆಯಲ್ಲಿ 11ರಿಂದ 17 ಖಂಡಗಳು, ಕೆಲವು ಪ್ರಭೇದಗಳಲ್ಲಿ 11ನೇ ಖಂಡದ ಬೆನ್ನ ಮೇಲೆ ಎದ್ದುನಿಂತ ಮುಳ್ಳು. ಬಾಲಫಲಕ ಮಾತ್ರ ಇದ್ದೂ ಇಲ್ಲದಷ್ಟು ಚಿಕ್ಕದು. ಅಷ್ಟು ದೊಡ್ಡ ತಲೆಗೆ ಇಷ್ಟು ಪುಟ್ಟ ಬಾಲ ಆರಂಭಕಾಲದ ಟ್ರೈಲೊಬೈಟ್‌ಗಳ ಸಾಮಾನ್ಯ ಲಕ್ಷಣ. ಮುಂದಿನ ಕಾಲದ ಎಷ್ಟೋ ಬಗೆಗಳಲ್ಲಿ ಬಾಲಫಲಕ ತಲೆಗೆ ಸಮನಾಗಿ ಬೆಳೆಯಿತು, ಮೈಯನ್ನು ಚೆಂಡಿನಂತೆ ಮಡಿಸಿ ತಲೆಬಾಲ ಕೂಡಿಸಿ ಮುಚ್ಚಿಕೊಳ್ಳಲು ಅದು ಬೇಕಾಯಿತು.

ವರ್ಗೀಕರಣದ ಏಣಿಯಲ್ಲಿ ಈ ಪ್ರಾಣಿಯ ಮೆಟ್ಟಿಲು ಹೀಗೆ: ಸಂಧಿಪದಿಗಳಲ್ಲಿ ಟ್ರೈಲೊಬೈಟ್ ವರ್ಗ, ಅದರಲ್ಲಿ ರೆಡ್ಲಿಕಿಡಾ ಗಣ, ಅದರೊಳಗೆ ರೆಡ್ಲಿಕೈನಾ ಉಪಗಣ, ರೆಡ್ಲಿಕಿಡೇ ವಂಶ, ರೆಡ್ಲಿಕಿಯಾ ಕುಲ. ಗಣದ ಮಟ್ಟದಲ್ಲಿ ಜಗಳ ಶುರು. ಈ ಗಣದ ಇನ್ನೊಂದು ಉಪಗಣ ಒಲೆನೆಲೈನಾ. ಮೊರಾಕ್ಕೊದ ಫಾಲೊಟಾಸ್ಪಿಸ್, ಸೈಬೀರಿಯದ ಪ್ರೊಫಾಲೊಟಾಸ್ಪಿಸ್‌ನಂಥ ಅತಿ ಹಳೆಯ ಟ್ರೈಲೊಬೈಟ್‌ಗಳು ಅಲ್ಲಿ ಸೇರುತ್ತವೆ. ಅವುಗಳ ತಲೆಯ ಮೇಲೆ ಬಿರಿಗೆರೆಯೇ ಇಲ್ಲ. ಗೆರೆಯಿರುವವು, ಇಲ್ಲದವು ಎರಡನ್ನೂ ಒಂದೇ ಗಣದಲ್ಲಿ ಕೂರಿಸಿದ್ದಕ್ಕೆ ಕಾರಣ ಉದ್ದ ಕಣ್ಣು, ಹೆಚ್ಚು ಖಂಡ, ಚಿಕ್ಕ ಬಾಲದ ಹೋಲಿಕೆ. ಆದರೆ ಇವೆಲ್ಲ ಪೂರ್ವಿಕರಿಂದ ಬಂದ ಹಳೆಯ ಗುಣಗಳು. ಹಳೆಯದನ್ನು ಉಳಿಸಿಕೊಂಡದ್ದು ದಾಯಾದಿತನಕ್ಕೆ ಪುರಾವೆಯಲ್ಲ, ಹೊಸದಾಗಿ ಹಂಚಿಕೊಂಡದ್ದು ಪುರಾವೆ. ಈ ತರ್ಕ ಹಿಡಿದು ನೋಡಿದರೆ ರೆಡ್ಲಿಕಿಡಾ ಒಂದು ಮನೆತನವಲ್ಲ, ಮುಂದಿನ ಮನೆತನಗಳೆಲ್ಲ ಹೊರಟುಹೋದ ಮೇಲೆ ಉಳಿದವರನ್ನು ಸೇರಿಸಿ ಹಾಕಿದ ಪಟ್ಟಿ. ಹಾಗಿದ್ದರೂ ತಜ್ಞರು ಆ ಹೆಸರನ್ನು ಬಳಸುತ್ತಲೇ ಇದ್ದಾರೆ. ನನಗೆ ಅದರಲ್ಲಿ ಕಪಟ ಕಾಣುವುದಿಲ್ಲ. 20 ಸಾವಿರ ಮೀರಿದ ಪ್ರಭೇದಗಳನ್ನು ಸಂಭಾಳಿಸುವವರಿಗೆ ಸರಿಯಾದ ಕಪಾಟು ಸಿದ್ಧವಾಗುವ ತನಕ ಹಳೆಯ ಕಪಾಟು ಬೇಕು.

ಇದಕ್ಕಿಂತ ತೊಡಕಿನ ಕಥೆ ಹಿಮಾಲಯದ್ದು. ಸರ್ವೇಕ್ಷಣದ ಹೆನ್ರಿ ಹೇಡನ್ ಸ್ಪಿತಿ ಕಣಿವೆಯಲ್ಲಿ ಕಲೆಹಾಕಿದ ಟ್ರೈಲೊಬೈಟ್‌ಗಳನ್ನು ಕೇಂಬ್ರಿಡ್ಜ್‌ನ ಕೌಪರ್ ರೀಡ್ 1910ರಲ್ಲಿ ವಿವರಿಸಿದ. 1934ರಲ್ಲಿ ಕಾಶ್ಮೀರದವನ್ನೂ ವಿವರಿಸಿದ. ರೀಡ್ ಹೆಸರಿಡುವುದರಲ್ಲಿ ಕೈ ಬಿಗಿಹಿಡಿದವನಲ್ಲ. ಅಗಲ ತಲೆಯದಕ್ಕೆ ಒಂದು ಹೆಸರು, ಕಿರಿದು ತಲೆಯದಕ್ಕೆ ಇನ್ನೊಂದು, ಓರೆಯಾದದ್ದಕ್ಕೆ ಮತ್ತೊಂದು. ಹಿಮಾಲಯ ಏಳುವಾಗ ಆ ಕಲ್ಲುಗಳು ಹಿಂಡಿಸಿಕೊಂಡಿವೆ, ಎಳೆಸಿಕೊಂಡಿವೆ. ಒಂದೇ ಪ್ರಭೇದದ ಎರಡು ಚಿಪ್ಪುಗಳು ಕಲ್ಲಿನಲ್ಲಿ ಬೇರೆ ಬೇರೆ ದಿಕ್ಕಿಗೆ ಬಿದ್ದಿದ್ದರೆ, ಎಳೆತಕ್ಕೆ ಸಿಕ್ಕಿ ಒಂದು ಉದ್ದವಾಗುತ್ತದೆ, ಒಂದು ಗಿಡ್ಡವಾಗುತ್ತದೆ. ನೈಜೆಲ್ ಹ್ಯೂಸ್ ಮತ್ತು ಪೀಟರ್ ಜೆಲ್ 1992ರಲ್ಲಿ ಕಾಶ್ಮೀರದ ಮಾದರಿಗಳನ್ನು ಮತ್ತೆ ಅಳೆದು, ಆ ಎಳೆತವನ್ನು ಲೆಕ್ಕದಲ್ಲಿ ಕಳೆದು ನೋಡಿದರು. ಬೇರೆ ಬೇರೆ ಎಂದುಕೊಂಡಿದ್ದ ಹಲವು ಹೆಸರುಗಳು ಒಂದರೊಳಗೊಂದು ಕರಗಿದವು. ಪ್ರಾಣಿಯ ಗುಣ ಯಾವುದು, ಬೆಟ್ಟದ ಗುಣ ಯಾವುದು ಎಂದು ಬೇರ್ಪಡಿಸದೆ ಕೊಟ್ಟ ಹೆಸರುಗಳವು. ಇದೇ ಹ್ಯೂಸ್ ಆಮೇಲೆ ಬಂಗಾಳದ ಮಕ್ಕಳಿಗಾಗಿ ಶಿಲೆಯಾದ ಮರಗಳ ಕುರಿತು ಕಥೆಪುಸ್ತಕವೊಂದನ್ನು ಬಂಗಾಳಿಯಲ್ಲಿ ಹೊರತಂದರು. ಕನ್ನಡದ ಮಕ್ಕಳಿಗೆ ಅಂಥದ್ದೊಂದು ಬೇಕಿತ್ತು ಎಂದು ಹೊಟ್ಟೆಕಿಚ್ಚುಪಡುವುದಕ್ಕೆ ಅಡ್ಡಿಯಿಲ್ಲ.

ರೀಡ್‌ನನ್ನು ಪೂರ್ತಿ ತಳ್ಳಿಹಾಕುವಂತೆಯೂ ಇಲ್ಲ. 1910ರಲ್ಲಿ ಸ್ಪಿತಿಯ ಒಂದು ಪುಟ್ಟ ಟ್ರೈಲೊಬೈಟ್‌ಗೆ ಅವನಿಟ್ಟ 'ಇಂಡಿಕಸ್' ಎಂಬ ಹೆಸರು ಇಂದು ಜಗತ್ತಿನ ಕಾಲಗಣನೆಯಲ್ಲಿ ಕೂತಿದೆ. ಒರಿಕ್ಟೊಸೆಫಾಲಸ್ ಇಂಡಿಕಸ್ ಎಂಬ ಆ ಪ್ರಭೇದ ಮೊದಲು ಕಾಣಿಸಿಕೊಳ್ಳುವ ಪದರವೇ ಕೇಂಬ್ರಿಯನ್‌ನ ಮಿಯಾವೊಲಿಂಗ್ ಯುಗದ ಆರಂಭ ಎಂದು ಅಂತರರಾಷ್ಟ್ರೀಯ ಸಂಸ್ಥೆ 2018ರಲ್ಲಿ ಒಪ್ಪಿತು. ಆ ಗಡಿಯ ಗೂಟ ನೆಟ್ಟ ಜಾಗ ಚೀನಾದ ಗುಯಿಝೌ ಪ್ರಾಂತ್ಯದಲ್ಲಿದೆ, ಹೆಸರು ಹುಟ್ಟಿದ ಕಲ್ಲು ನಮ್ಮ ಹಿಮಾಚಲದ್ದು.

ಮುರುಕು ಚಿಪ್ಪಿನ ಕಷ್ಟವೆಲ್ಲ ನೀಗಿದ ಅಪರೂಪದ ಜಾಗವೊಂದು ದಕ್ಷಿಣ ಆಸ್ಟ್ರೇಲಿಯಾದ ಕಾಂಗರೂ ದ್ವೀಪದ ಎಮು ಬೇ ಜೇಡುಗಲ್ಲು. ಅಲ್ಲಿ ಕಾಲು, ಮೀಸೆಗಳ ಸಮೇತ ರೆಡ್ಲಿಕಿಯಾ ಸಿಗುತ್ತದೆ. ಜೇಮ್ಸ್ ಹೋಮ್ಸ್ ಮತ್ತು ಸಂಗಡಿಗರು 2019ರಲ್ಲಿ ಅಲ್ಲಿಂದ ವಿವರಿಸಿದ ಹೊಸ ಪ್ರಭೇದದ ಹೆಸರು ರೆಡ್ಲಿಕಿಯಾ ರೆಕ್ಸ್. ಉದ್ದ ಸುಮಾರು 25 ಸೆಂಟಿಮೀಟರ್, ಆ ಕಾಲದ ಲೆಕ್ಕಕ್ಕೆ ದೈತ್ಯ. ಕಾಲಿನ ಬುಡದಲ್ಲಿ ಚಿಪ್ಪು ಅರೆಯುವಂಥ ಮುಳ್ಳುಗಳು. ಅಲ್ಲೇ ಸಿಕ್ಕ ದೊಡ್ಡ ಲದ್ದಿಗಳಲ್ಲಿ ಟ್ರೈಲೊಬೈಟ್ ಚೂರುಗಳು, ಕೆಲವು ಟ್ರೈಲೊಬೈಟ್‌ಗಳ ಮೈಮೇಲೆ ಕಚ್ಚಿ ಮಾಗಿದ ಗಾಯ. ತನ್ನವರನ್ನೇ ತಿನ್ನುತ್ತಿತ್ತೆಂಬ ಗುಮಾನಿ ಅದರಿಂದ ಹುಟ್ಟಿತು.

ಮತ್ತೆ ನಮ್ಮ ಸೀಮೆಗೆ ಬರೋಣ. ಟ್ರೈಲೊಬೈಟ್ ಇಲ್ಲವೆಂದರೆ ಜೀವದ ಗುರುತೇ ಇಲ್ಲವೆಂದಲ್ಲ. ಹೊನ್ನಿನ ಕಥೆ ಎಲ್ಲರಿಗೂ ಗೊತ್ತು. 1887ರಲ್ಲಿ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫುಟ್ ಮೈಸೂರು ಸಂಸ್ಥಾನದ ಚಿನ್ನದ ಸೀಮೆಗಳನ್ನು ಸುತ್ತಿದ, ಹೊನ್ನಾಳಿಯ ಬೆಣಚುಕಲ್ಲಿನ ಎಳೆಗಳನ್ನೂ ನೋಡಿದ, ನ್ಯಾಮತಿ ಬಳಿಯ ಕುದುರೆಕೊಂಡದಲ್ಲಿ ಗಣಿ ಬಂತು, ನಿಂತಿತು. ಅದರ ನೆರಳಿನಲ್ಲಿ ಸುಣ್ಣಕಲ್ಲನ್ನು ಕೇಳುವವರಿರಲಿಲ್ಲ. ಈ ಪಟ್ಟಿಯ ಸುಣ್ಣಕಲ್ಲನ್ನು ಅಗೆದವರಿಗೆ ಬೇಕಿದ್ದದ್ದು ಕಬ್ಬಿಣದ ಕುಲುಮೆಗೆ ಹಾಕುವ ಸುಣ್ಣ. ಆದರೆ ಶಿವಮೊಗ್ಗ–ಸಾಗರ ದಾರಿಯ ಕುಂಸಿಯ ಸುತ್ತ, ಚನ್ನಗಿರಿ ಕಡೆಯ ಜೋಳದಾಳ್ ಪದರಗಳಲ್ಲಿ, ಅದೇ ಸುಣ್ಣಕಲ್ಲಿನೊಳಗೆ ಸ್ಟ್ರೊಮಾಟೊಲೈಟ್‌ಗಳಿವೆ. ಹಾಗೆಯೇ ಚಿತ್ರದುರ್ಗ ಪಟ್ಟಿಯಲ್ಲಿ ವಾಣಿವಿಲಾಸ ಸಾಗರದ ಬಳಿ, ತುಮಕೂರಿನ ದೊಡ್ಡಗುಣಿಯಲ್ಲಿ, ಬಳ್ಳಾರಿಯ ಸಂಡೂರಿನಲ್ಲಿ. ಪಟ್ಟಿಗಳ ಪದರಗಳನ್ನು ಜೋಡಿಸಿ, ಜೋಳದಾಳ್‌ನಂಥ ಹಳ್ಳಿಗಳ ಹೆಸರಿಟ್ಟು ಲೆಕ್ಕಕ್ಕೆ ತಂದವರಲ್ಲಿ ಮುಖ್ಯರು ಜೆ. ಸ್ವಾಮಿನಾಥ್ ಮತ್ತು ಎಂ. ರಾಮಕೃಷ್ಣನ್. ಅವರ 1981ರ ಸರ್ವೇಕ್ಷಣದ ಸ್ಮರಣಿಕೆ ಸಂಪುಟ ಇಂದಿಗೂ ಈ ವಿಷಯಕ್ಕೆ ಬಾಗಿಲು.

ಸ್ಟ್ರೊಮಾಟೊಲೈಟ್ ಎಂದರೆ ಆಳವಿಲ್ಲದ ನೀರಿನ ತಳದಲ್ಲಿ ಸೂಕ್ಷ್ಮಜೀವಿಗಳ ಚಾಪೆ ಹರಡಿ, ಅದರ ಲೋಳೆಗೆ ಕೆಸರು ಅಂಟಿ, ಬೆಳಕಿಗಾಗಿ ಜೀವಿಗಳು ಕೆಸರಿನ ಮೇಲೇರಿ ಮತ್ತೆ ಚಾಪೆ ಹಾಸಿ, ಹೀಗೆ ಪದರದ ಮೇಲೆ ಪದರ ಏರಿದ ಗುಪ್ಪೆ. ಇಂದಿಗೂ ಪಶ್ಚಿಮ ಆಸ್ಟ್ರೇಲಿಯಾದ ಶಾರ್ಕ್ ಬೇ ಉಪ್ಪುನೀರಿನಲ್ಲಿ ಬೆಳೆಯುತ್ತಿವೆ. ಗುಮ್ಮಟ, ಕಂಬ, ಶಂಕು ಎಂದು ಆಕಾರ ಹಲವು. ಅಡ್ಡ ಕೊಯ್ದರೆ ಒಂದರೊಳಗೊಂದು ಉಂಗುರ, ಉದ್ದ ಕೊಯ್ದರೆ ಮೇಲಕ್ಕೆ ಉಬ್ಬಿದ ಕಮಾನುಗಳ ಸಾಲು.

ಇವಕ್ಕೂ ಹೆಸರುಗಳಿವೆ. ಶಂಕುವಿನಂಥದ್ದು ಕೊನೊಫೈಟಾನ್, ಕವಲೊಡೆದ ಕಂಬ ಬೈಕಾಲಿಯಾ, ಹೀಗೆ. ಕುಲ, ಪ್ರಭೇದ ಎಂಬ ಎರಡು ಪದದ ಠೀವಿಯೂ ಇದೆ. ಆದರೆ ರೆಡ್ಲಿಕಿಯಾ ಎಂಬ ಹೆಸರು ನಿಂತಿರುವ ನೆಲ ಈ ಹೆಸರುಗಳಿಗಿಲ್ಲ. ರೆಡ್ಲಿಕಿಯಾ ಒಂದು ಪ್ರಾಣಿಯ ಮೈ. ಕಣ್ದಂಡೆ ಅಷ್ಟು ಉದ್ದ ಇರಬೇಕೆಂದು ತಂದೆತಾಯಿಯಿಂದ ಬಂದ ಕಟ್ಟಳೆ. ಕುಂಸಿಯ ಗುಪ್ಪೆ ಯಾವ ಒಂದು ಜೀವಿಯ ಮೈಯೂ ಅಲ್ಲ, ಲೆಕ್ಕವಿಲ್ಲದ ಜೀವಿಗಳು ಸೇರಿ ಕಟ್ಟಿದ್ದು. ಅದರ ಆಕಾರದಲ್ಲಿ ಜೀವಿಯ ಪಾಲೆಷ್ಟು, ಅಲೆಯ ಪಾಲೆಷ್ಟು, ಕೆಸರು ಬಿದ್ದ ವೇಗದ ಪಾಲೆಷ್ಟು ಎಂದು ಬಿಡಿಸುವುದು ಕಷ್ಟ. ಎಣಿಸಲು ಖಂಡಗಳಿಲ್ಲ, ಅಳೆಯಲು ಬಿರಿಗೆರೆಯಿಲ್ಲ. ಆದ್ದರಿಂದ ಇಲ್ಲಿ ಕೇಳುವ ಮೊದಲ ಪ್ರಶ್ನೆ 'ಯಾವ ಪ್ರಭೇದ?' ಅಲ್ಲ, 'ಇದು ಜೀವಿ ಮಾಡಿದ್ದು ಹೌದೇ?' ಎಂಬುದು. ಪದರಗಳು ಕಮಾನಿನ ನೆತ್ತಿಯಲ್ಲಿ ದಪ್ಪವಾಗಿ ಬದಿಯಲ್ಲಿ ತೆಳ್ಳಗಾಗುತ್ತವೆಯೇ? ಬರೀ ಕೆಸರು ಸುರಿದದ್ದಾದರೆ ನೆತ್ತಿಯಿಂದ ಜಾರಿ ತಗ್ಗಿನಲ್ಲಿ ದಪ್ಪವಾಗಬೇಕಿತ್ತು. ಗುಪ್ಪೆಗಳ ನಡುವಿನ ಸಂದಿಯಲ್ಲಿ ಮುರಿದ ಚೂರುಗಳು ತುಂಬಿವೆಯೇ? ಹಾಗಿದ್ದರೆ ಆ ಗುಪ್ಪೆ ಆಗಲೇ ಗಟ್ಟಿಯಾಗಿ ಎದ್ದುನಿಂತಿತ್ತು. ಸುತ್ತಲಿನ ಪದರಗಳು ಮಡಿಸಿಕೊಂಡಿಲ್ಲದ ಕಡೆ ಇದು ಮಾತ್ರ ಉಬ್ಬಿದೆಯೇ? ಈ ಮೂರನೆಯದು ನಮ್ಮ ಸೀಮೆಯಲ್ಲಿ ಬಹಳ ಮುಖ್ಯ. ಸವಳಂಗದ ಕಲ್ಲುಗಳು ಕಾಶ್ಮೀರದವಕ್ಕಿಂತ ಮೊದಲೇ, ಒಂದಕ್ಕಿಂತ ಹೆಚ್ಚು ಸಲ ಮಡಿಸಿಕೊಂಡಿವೆ. ಮಡಿಕೆಯ ನೆತ್ತಿಯನ್ನು ಸ್ಟ್ರೊಮಾಟೊಲೈಟ್ ಎಂದು ಓದುವುದು ಸುಲಭ.

ಮಾರಡಿಹಳ್ಳಿಯ ದಿಂಬುಲಾವಾ, ಲಾಲ್‌ಬಾಗಿನ ಬಂಡೆ, ಸೇಂಟ್ ಮೇರಿ ದ್ವೀಪದ ಕಂಬಗಲ್ಲುಗಳಿಗೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕದ ಪಟ್ಟ ಸಿಕ್ಕಿದೆ. ರಾಜಸ್ಥಾನದ ಝಾಮರ್‌ಕೋಟ್ರಾದ ಸ್ಟ್ರೊಮಾಟೊಲೈಟ್‌ಗಳಿಗೂ ಸಿಕ್ಕಿದೆ. ಅದಕ್ಕಿಂತ ಬಹಳ ಹಳೆಯ ಕುಂಸಿಯ ಗುಪ್ಪೆಗಳಿಗೆ ಆ ಪಟ್ಟ ಸಿಕ್ಕಿಲ್ಲ. ಪಟ್ಟ ಕಟ್ಟಿದ ಕೂಡಲೇ ಕಲ್ಲು ಉಳಿಯುತ್ತದೆಂದು ನಾನು ನಂಬಿಲ್ಲ, ಆದರೂ ಅಲ್ಲೊಂದು ಕನ್ನಡ ಫಲಕ ನಿಂತರೆ ಸುತ್ತಲಿನ ಶಾಲೆಗಳಿಗೆ ಮೊರಾಕ್ಕೊದ ಟ್ರೈಲೊಬೈಟ್ ಚಿತ್ರ ತೋರಿಸುವ ಪಾಡು ತಪ್ಪೀತು.

ಕಣ್ಣಿಗೆ ಮೋಸ ಮಾಡುವ ಕಲ್ಲುಗಳೂ ಇಲ್ಲಿ ಧಾರಾಳ. ಕುಂಸಿ ಮ್ಯಾಂಗನೀಸ್ ಅದಿರಿಗೆ ಹೆಸರಾದ ಊರು. ಕಲ್ಲಿನ ಬಿರುಕಿನಲ್ಲಿ ನೀರಿಳಿದು ಮ್ಯಾಂಗನೀಸ್ ಆಕ್ಸೈಡ್ ಹರಡಿದರೆ ಕರಿಯ ಜರಿಗಿಡದಂಥ ಕವಲುಚಿತ್ರ ಮೂಡುತ್ತದೆ. ಡೆಂಡ್ರೈಟ್ ಎಂಬ ಇದನ್ನು ಎಲೆಯ ಪಳೆಯುಳಿಕೆ ಎಂದು ಕಾಪಿಟ್ಟವರು ಲೋಕದಲ್ಲೆಲ್ಲ ಇದ್ದಾರೆ. ಗುರುತು ಹಿಡಿಯುವುದು ಹೀಗೆ: ಎಲೆಗೆ ನಡುನರ ಇರುತ್ತದೆ, ದಪ್ಪ ಇರುತ್ತದೆ. ಡೆಂಡ್ರೈಟ್‌ಗೆ ಎರಡೂ ಇಲ್ಲ, ಬಿರುಕಿನ ಮೈಮೇಲಷ್ಟೇ ಬಣ್ಣ.

ಪಂಡಿತರೂ ಬೇಸ್ತುಬೀಳುತ್ತಾರೆ. ಮಧ್ಯಪ್ರದೇಶದ ಭೀಮ್‌ಬೇಟ್ಕಾ ಗುಹೆಯ ಸೂರಿನಲ್ಲಿ ಡಿಕಿನ್ಸೋನಿಯಾ ಎಂಬ ಅತಿಪುರಾತನ ಜೀವಿಯ ಅಚ್ಚು ಕಂಡಿತೆಂದು ಗ್ರೆಗರಿ ರಿಟಾಲಕ್ ಮತ್ತು ಸಂಗಡಿಗರು 2021ರಲ್ಲಿ ಪ್ರಕಟಿಸಿದರು. ಜೋ ಮೀರ್ಟ್ ಮತ್ತಿತರರು ಮುಂದೆ ಹೋಗಿ ನೋಡುವ ಹೊತ್ತಿಗೆ ಆ 'ಪಳೆಯುಳಿಕೆ' ಕಲ್ಲಿನಿಂದ ಕಿತ್ತು ಬರುತ್ತಿತ್ತು. ಅದು ಹೆಜ್ಜೇನು ಗೂಡಿನ ಒಣಗಿದ ಕಲೆ. 2023ರಲ್ಲಿ ಅದನ್ನು ಪ್ರಕಟಿಸಿದಾಗ ರಿಟಾಲಕ್ ಹಟ ಹಿಡಿಯದೆ ಒಪ್ಪಿಕೊಂಡರು. ನಮ್ಮ ಹಳ್ಳಿಯ ಜೇನು ಕೀಳುವವನನ್ನು ಕರೆದೊಯ್ದಿದ್ದರೆ ಎರಡು ವರ್ಷ ಮೊದಲೇ ಹೇಳುತ್ತಿದ್ದನೇನೋ!

ಇನ್ನು ಬೇಕೆಂದೇ ಮಾಡುವ ಮೋಸ. ಅಂತರ್ಜಾಲದಲ್ಲಿ ಮಾರಾಟಕ್ಕಿರುವ ಟ್ರೈಲೊಬೈಟ್‌ಗಳಲ್ಲಿ ಬಹಳಷ್ಟು ಮೊರಾಕ್ಕೊದಿಂದ ಬರುತ್ತವೆ. ಅಸಲಿಯೂ ಇವೆ, ಅಂಟು ಮತ್ತು ಕಲ್ಲಪುಡಿಯಲ್ಲಿ ಎರಕ ಹೊಯ್ದವೂ ಇವೆ. ಎರಕದ ಮೈಯಲ್ಲಿ ಭೂತಗನ್ನಡಿ ಹಿಡಿದರೆ ಗಾಳಿಗುಳ್ಳೆಯ ಸಣ್ಣ ಕುಳಿಗಳು ಕಾಣುತ್ತವೆ. ಚಿಪ್ಪಿಗೂ ಸುತ್ತಲಿನ ಕಲ್ಲಿಗೂ ಬಣ್ಣ, ಹೊಳಪು ಒಂದೇ ಇರುತ್ತದೆ. ಒಂದೇ ಅಂಗಡಿಯ ಎರಡು ಮಾದರಿಗಳು ಮುರಿದ ಮುಳ್ಳಿನ ಸಮೇತ ಒಂದೇ ಥರ ಇದ್ದರೆ ಮುಂದೆ ಪರೀಕ್ಷೆ ಬೇಕಿಲ್ಲ. ಅಸಲಿ ಚಿಪ್ಪಿನಲ್ಲೂ ಇನ್ನೊಂದು ಅಪಾಯವಿದೆ. ಪಂಜಾಬ್ ವಿಶ್ವವಿದ್ಯಾಲಯದ ವಿ.ಜೆ. ಗುಪ್ತ ಹಿಮಾಲಯದ್ದೆಂದು ದಶಕಗಳ ಕಾಲ ಪ್ರಕಟಿಸಿದ ಪಳೆಯುಳಿಕೆಗಳಲ್ಲಿ ಎಷ್ಟೋ ಬೇರೆ ದೇಶದವೆಂದು ಆಸ್ಟ್ರೇಲಿಯಾದ ಜಾನ್ ಟ್ಯಾಲೆಂಟ್ 1989ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಯಲು ಮಾಡಿದರು. ಪ್ರಾಣಿ ನಿಜ, ಹೆಸರೂ ಸರಿ, ಊರು ಸುಳ್ಳು. ಅಂಥ ಊರುಗಳನ್ನು ನಂಬಿ ಬರೆದ ಪದರಪಟ್ಟಿಗಳನ್ನೆಲ್ಲ ಮತ್ತೆ ತಿದ್ದಬೇಕಾಯಿತು.

ಆದ್ದರಿಂದ ನ್ಯಾಮತಿಯ ಮೇಷ್ಟ್ರ ಮುಂದೆ ಮಗು ಕಲ್ಲು ಹಿಡಿದರೆ ಕೇಳಬೇಕಾದ ಮೊದಲ ಮಾತು ಇದು ಏನೆಂದಲ್ಲ, ಎಲ್ಲಿ ಸಿಕ್ಕಿತು ಎಂದು. ಬಂಡೆಗೆ ಅಂಟಿಕೊಂಡಿತ್ತೇ, ರಸ್ತೆಗೆ ಸುರಿದ ಜಲ್ಲಿಯಲ್ಲಿತ್ತೇ? ಬಂಡೆಯಾದರೆ ಪಕ್ಕದಲ್ಲೊಂದು ಅಳತೆಪಟ್ಟಿ ಇಟ್ಟು, ಕೀಳದೆ ಫೋಟೊ ತೆಗೆದು, ಮೇಲು–ಕೆಳಗು ಯಾವುದೆಂದು ಗುರುತು ಹಾಕಿಕೊಂಡು, ಹಾಗೇ ಬಿಟ್ಟು ಬರಬೇಕು. ಆಮೇಲೆ ಉದ್ದಕ್ಕೆ ಎರಡು ತಗ್ಗುಗೆರೆ ಓಡಿವೆಯೇ ಎಂದು ಹುಡುಕಲಿ. ಓಡಿರುವುದಿಲ್ಲ. ಸುಣ್ಣಕಲ್ಲಾಗಿದ್ದರೆ, ಮೇಲಕ್ಕೆ ಉಬ್ಬಿದ ಗೆರೆಗಳು ನೆತ್ತಿಯಲ್ಲಿ ದಪ್ಪವೋ ಬದಿಯಲ್ಲಿ ದಪ್ಪವೋ ಎಂದು ಅಳತೆಪಟ್ಟಿ ಹಿಡಿದು ನೋಡಲಿ.